ಕಾಯಬೇಡಿ ಎಂದು ಬರೆಯುತ್ತಿದ್ದವರು

ಅಕ್ಕ ಒಂದೇ ಕಿವಿಗೆ ಓಲೆ ಹಾಕುತ್ತಿದ್ದರು. ಎಡಗಿವಿಯಲ್ಲಿ ಕೆಂಪು ಹರಳಿನ ಸಣ್ಣ ಓಲೆ, ಬಲಗಿವಿ ಬರಿದು. ಆ ಬರಿಗಿವಿ ಇನ್ನೊಂದರ ಹಾಗೆ ನೆಟ್ಟಗಿರಲಿಲ್ಲ. ವರ್ಷಗಟ್ಟಲೆ ಹೆಡ್‌ಸೆಟ್ಟಿನ ಅಡಿ ಸಿಕ್ಕಿ ಅದರ ಮೇಲಂಚು ಮಡಿಸಿದ ಹಾಳೆಯಂತೆ ಚಪ್ಪಟೆಯಾಗಿ ತಲೆಗೆ ಒತ್ತಿಕೊಂಡಿತ್ತು. ಓಲೆಯ ಮೇಲೆ ಹೆಡ್‌ಸೆಟ್ಟು ಕೂತರೆ ಹುಣ್ಣಾಗುತ್ತದೆಂದು ಕೆಲಸಕ್ಕೆ ಸೇರಿದ ಹೊಸದರಲ್ಲೇ ತೆಗೆದಿಟ್ಟವರು ಮತ್ತೆ ಹಾಕಲೇ ಇಲ್ಲ. ಮದುವೆ ಮನೆಗೂ ಹಾಗೆಯೇ ಬರುತ್ತಿದ್ದರು. ಹೆಂಗಸರು ಸುಮ್ಮನಿರುತ್ತಾರೆಯೇ?

“ಅಕ್ಕಾ, ಇನ್ನೊಂದು ಓಲೆ ಎಂತ ಆಯ್ತು? ಸಾಗರದ ಲೈನಲ್ಲಿ ಸಿಕ್ಕಾಕ್ಕೊಂಡಿದ್ಯಾ?”

“ಬಲಗಿವಿ ಸರ್ಕಾರದ್ದು ಮಾರಾಯ್ತಿ. ಸರ್ಕಾರದ ಆಸ್ತಿಗೆ ನಾ ಯಾಕೆ ಚಿನ್ನ ಹಾಕ್ಲಿ? ಎಡಗಿವಿ ಮಾತ್ರ ನಂದು. ನಿಂಗೆ ಎಂತ ಹೇಳೋದಿದ್ರೂ ಈ ಕಡೆ ಬಾ.”

ಅವರು ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ನನಗೆ ರಕ್ತಸಂಬಂಧಿಯಲ್ಲ. ಊರೆಲ್ಲ ಅವರನ್ನು ಅಕ್ಕ ಎನ್ನುತ್ತಿತ್ತು, ನಾನೂ ಎಂದೆ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿ ಹೊಲಿಗೆ ಹಿಡಿದವಳು, ಬರೆದು ಅಭ್ಯಾಸವಿಲ್ಲ. ಆದರೆ ಮಿಷನ್ನಿನ ಮುಂದೆ ಕೂತರೆ ಕಾಲು ತುಳಿಯುವುದನ್ನು ನಿಲ್ಲಿಸಿಬಿಡುತ್ತದೆ, ಕಣ್ಣು ಬಾಗಿಲ ಕಡೆ ಹೋಗುತ್ತದೆ. ಆ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಎಕ್ಸ್‌ಚೇಂಜಿನ ಪಕ್ಕದಲ್ಲೇ. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯಲು ಶುರುಮಾಡಿದ ಕಾಲಕ್ಕೆ, ಊರಿನಲ್ಲಿ ಫೋನಿದ್ದ ಮನೆಗಳು ತೀರಾ ಕಡಿಮೆ. ಬೇರೆ ಊರಿಗೆ ಮಾತಾಡಬೇಕೆಂದರೆ ಎಕ್ಸ್‌ಚೇಂಜಿಗೆ ಬಂದು ಟ್ರಂಕ್ ಕಾಲ್ ಬುಕ್ ಮಾಡಿ ಜಗಲಿಯ ಬೆಂಚಿನ ಮೇಲೆ ಕೂರಬೇಕು. ಕಿಟಕಿಯಿಂದ ಹೆಸರು ಕೂಗಿದಾಗ ಒಳಗೆ ಓಡಿ, ಮರದ ಗೂಡಿನಲ್ಲಿ ನಿಂತು, ಅರ್ಧ ಬಜಾರಿಗೆ ಕೇಳುವಂತೆ ಕಿರುಚಬೇಕು. ಊರಿಂದ ಹೊರಗೆ ಹೋಗುವ ದಾರಿ ಎರಡು. ಒಂದು ಸಾಗರದ ಕಡೆಗೆ, ಒಂದು ತೀರ್ಥಹಳ್ಳಿಯ ಕಡೆಗೆ. ಜೋಗವಾಗಲಿ, ಕಾರ್ಗಲ್ಲಾಗಲಿ, ಶಿವಮೊಗ್ಗವಾಗಲಿ, ಎಲ್ಲವೂ ಸಾಗರವನ್ನು ಹಾದೇ ಸಿಗಬೇಕು. ಸಾಗರದ ತಂತಿ ಎಲ್ಲೋ ಒಂದು ಕಡೆ ತುಂಡಾದರೆ ಅಷ್ಟೂ ಊರುಗಳು ಒಟ್ಟಿಗೆ ಮುಚ್ಚಿಹೋಗುತ್ತಿದ್ದವು.

ಅಕ್ಕನ ಓಡಾಟ ಹೆಡ್‌ಸೆಟ್ಟಿನ ದಾರದಷ್ಟೇ ಉದ್ದ. ಕುರ್ಚಿಯಿಂದ ಕಿಟಕಿಯವರೆಗೆ ಬರುತ್ತಿತ್ತು, ಬಾಗಿಲವರೆಗೆ ಬರುತ್ತಿರಲಿಲ್ಲ. ಕೆಲಸ ಮುಗಿದರೆ ಹಿಂದಿನ ಓಣಿಯ ಬಾಡಿಗೆ ಮನೆ. ಅಲ್ಲಿ ಹಾಸಿಗೆ ಹಿಡಿದ ತಂದೆ. ಮದುವೆಯಾಗಿರಲಿಲ್ಲ. “ಹಗಲಿಗೆ ಒಂದು ಹಗ್ಗ, ಸಂಜೆಗೆ ಇನ್ನೊಂದು” ಎಂದು ಒಮ್ಮೆ ನಕ್ಕಿದ್ದರು. ಆ ನಗುವಿನಲ್ಲಿ ದೂರು ಇದ್ದಂತೆ ನನಗೆ ಕಾಣಲಿಲ್ಲ. ಆಮೇಲೆ ಎಷ್ಟೋ ಸಲ ಆ ಮಾತು ನೆನಪಾದಾಗ ಇತ್ತೇನೋ ಎನ್ನಿಸಿದೆ.

ಬೋರ್ಡು ಶುರುವಾದದ್ದು ಒಬ್ಬ ಮುದುಕರಿಂದ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವರು. ಕಾರ್ಗಲ್‌ನಲ್ಲಿದ್ದ ಮಗಳ ಜೊತೆ ಮಾತಾಡಬೇಕಿತ್ತು. ಸಾಗರದ ಲೈನ್ ಹಿಂದಿನ ದಿನವೇ ಹೋಗಿತ್ತು. ಬೆಳಗಿನ ಪಾಳಿಯಲ್ಲಿದ್ದ ಇನ್ನೊಬ್ಬ ಆಪರೇಟರು ಕಾಲ್ ಬುಕ್ ಮಾಡಿಕೊಂಡು “ಕೂತಿರಿ” ಎಂದು ಹೇಳಿ ಮನೆಗೆ ಹೋಗಿದ್ದರು. ಮಧ್ಯಾಹ್ನ ಬಂದ ಅಕ್ಕ ಕಿಟಕಿಯಿಂದ ನೋಡುತ್ತಾರೆ, ಮುದುಕರು ಕಾಲ ಮೇಲೆ ಕಾಲು ಬಿಗಿದು, ಬೆವರುತ್ತ ಕೂತಿದ್ದಾರೆ. ಎದ್ದು ಬಯಲಿಗೆ ಹೋದ ಹೊತ್ತಿನಲ್ಲೇ ಹೆಸರು ಕೂಗಿಬಿಟ್ಟರೆ ಎಂಬ ಹೆದರಿಕೆಗೆ ಬೆಳಗಿನಿಂದ ಜಾಗ ಬಿಟ್ಟಿರಲಿಲ್ಲ. ಕಟ್ಟಿಕೊಂಡು ತಂದ ಬುತ್ತಿಯನ್ನೂ ಬಿಚ್ಚಿರಲಿಲ್ಲ.

ಮಾರನೆಯ ದಿನ ಅಕ್ಕ ನನ್ನ ಬಾಗಿಲಿಗೆ ಬಂದರು. ಅವರು ನನ್ನ ಹತ್ತಿರ ಮೊದಲು ಕೇಳಿದ ವಸ್ತು ಸೀಮೆಸುಣ್ಣ. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ, ನೀಲಿ ಬಣ್ಣದ್ದು. ಯಾವುದೋ ಉಪಕರಣ ತುಂಬಿಕೊಂಡು ಬಂದಿದ್ದ ಮರದ ಪೆಟ್ಟಿಗೆಯ ಮುಚ್ಚಳಕ್ಕೆ ಲೈನ್‌ಮನ್ ಕಪ್ಪು ಬಣ್ಣ ಬಳಿದುಕೊಟ್ಟಿದ್ದ. ಅದನ್ನು ಜಗಲಿಯ ಕಂಬಕ್ಕೆ, ಕಿಟಕಿಯಿಂದ ಕೈಗೆಟಕುವಂತೆ, ನೇತುಹಾಕಿಸಿ ಬರೆದರು.

ಸಾಗರ: ಇಲ್ಲ. ಕಾಯಬೇಡಿ.
ತೀರ್ಥಹಳ್ಳಿ: ಇದೆ.

ಅಷ್ಟೇ. ಊರಿನವರು ಮೊದಲ ದಿನ ನಕ್ಕರು. ಎರಡು ವಾರದಲ್ಲಿ ಆ ದಾರಿಯಲ್ಲಿ ಹೋಗುವವರೆಲ್ಲ ಕತ್ತು ತಿರುಗಿಸಿ ಬೋರ್ಡು ನೋಡಿಯೇ ಮುಂದೆ ಹೋಗತೊಡಗಿದರು, ಫೋನ್ ಮಾಡುವುದಿರಲಿ ಬಿಡಲಿ.

ಲೈನ್ ಎಲ್ಲಿ ಹೋಗಿದೆಯೆಂದು ಕುರ್ಚಿಯಲ್ಲಿ ಕೂತ ಅಕ್ಕನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಬಸ್ಸಿನವರನ್ನು ಹಿಡಿದರು. ತಂತಿ ಹೆಚ್ಚಿನ ದೂರ ರಸ್ತೆಯ ಪಕ್ಕದಲ್ಲೇ ಹೋಗುತ್ತಿತ್ತು. ಸಾಗರದ ಬಸ್ಸು, ತೀರ್ಥಹಳ್ಳಿ ಬಸ್ಸು, ಎರಡರ ಕಂಡಕ್ಟರುಗಳಿಗೂ “ಕಂಬ ನೋಡ್ಕೊಂಡು ಬನ್ರಪ್ಪ” ಎಂದು ಹೇಳಿದ್ದರು. ಅವರು ಬಾಗಿಲಲ್ಲಿ ನೇತಾಡುತ್ತ ತಂತಿ ನೋಡಿಕೊಂಡು ಬರುತ್ತಿದ್ದರು. ಎಕ್ಸ್‌ಚೇಂಜಿನ ಮುಂದೆ ಬಸ್ಸು ನಿಧಾನವಾಗುತ್ತಿತ್ತು.

“ಅಕ್ಕಾ, ರಿಪ್ಪನ್‌ಪೇಟೆ ದಾಟಿ ಮರ ಬಿದ್ದಿದೆ! ತಂತಿ ನೆಲದ್ಮೇಲೆ!”

“ಲೈನ್‌ಮನ್ ಕಂಡ್ನನಾ?”

“ಕಂಡ. ಚಾ ಕುಡೀತಿದ್ದ!”

ಅಕ್ಕ ಬೋರ್ಡಿನಲ್ಲಿ ಬರೆಯುತ್ತಿದ್ದರು: ‘ರಿಪ್ಪನ್‌ಪೇಟೆ ಹತ್ತಿರ ಮರ ಬಿದ್ದಿದೆ. ಬೆಳಗಿನ ಬಸ್ಸಿನವರು ಕಂಡದ್ದು.’ ಯಾರು ಕಂಡದ್ದು, ಯಾವಾಗ ಕಂಡದ್ದು ಎಂದು ಬರೆಯದೆ ಬಿಡುತ್ತಿರಲಿಲ್ಲ. ಒಮ್ಮೆ ಸಾಗರದ ಬಸ್ಸಿನವನು ತಂತಿ ಜೋತುಬಿದ್ದಿದೆ ಎಂದು ಕೂಗಿ ಹೋದ. ಅಕ್ಕ ಬರೆದರು. ಲೈನ್‌ಮನ್ ಸೈಕಲ್ ತುಳಿದುಕೊಂಡು ಹೋಗಿ ನೋಡಿದರೆ ಅದು ಯಾರೋ ಕಂಬದಿಂದ ಮರಕ್ಕೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ, ಅದರ ಮೇಲೆ ಒಂದು ಪಂಚೆ. ಸಂಜೆ ಬೋರ್ಡಿನಲ್ಲಿತ್ತು: ‘ಬೆಳಿಗ್ಗೆ ಬರೆದದ್ದು ತಪ್ಪು. ಅದು ಹಗ್ಗ.’ ಊರಿಗೆ ಆ ವಾರವೆಲ್ಲ ನಗು. ಅಕ್ಕನೂ ನಕ್ಕರು, ಆದರೆ ಆ ಸಾಲನ್ನು ಮಾರನೆಯ ದಿನದವರೆಗೆ ಒರೆಸಲಿಲ್ಲ.

ಯಾವಾಗ ಸರಿಹೋಗುತ್ತದೆ ಎಂದು ಮಾತ್ರ ಅವರು ಎಂದೂ ಬರೆದವರಲ್ಲ. ನಾನು ಕೇಳಿದ್ದೆ. ಸಂಜೆಗೆ ಆಗಬಹುದು ಎಂದಾದರೂ ಬರೆದರೆ ಜನಕ್ಕೆ ಸಮಾಧಾನ ಅಲ್ಲವಾ ಎಂದು.

“ಸಂಜಿಗೆ ಅಂತ ಬರೆದ್ರೆ ಸಂಜಿ ತನಕ ಕೂತ್ಕೊಳ್ತಾರೆ ಕಣೆ. ಇಲ್ಲ ಅಂತ ಬರೆದ್ರೆ ಏಳ್ತಾರೆ. ಬಸ್ಸಿಗೆ ಹೋಗ್ತಾರೆ, ಕಾಗ್ದ ಬರೀತಾರೆ, ಯಾರ ಕೈಲಾದ್ರೂ ಹೇಳಿ ಕಳಿಸ್ತಾರೆ. ಗೊತ್ತಿಲ್ದೇ ಇದ್ದಿದ್ದನ್ನ ಬರ್ದು ಒಬ್ಬರನ್ನ ಕೂರ್ಸೋದು ಅಂದ್ರೆ, ಬಾಗ್ಲು ಹಾಕಿ ಬೀಗ ಜಡಿದ ಹಾಗೆ.”

ಕೆಲವು ದಿನ ಬೋರ್ಡಿನಲ್ಲಿ ‘ಗೊತ್ತಿಲ್ಲ’ ಎಂದೂ ಇರುತ್ತಿತ್ತು.

ಬೋರ್ಡಿಗೆ ಕುತ್ತು ಬಂದದ್ದು ಒಬ್ಬ ಅಡಿಕೆ ಸಾಹುಕಾರರಿಂದ. ಅವರ ಮಂಡಿ ಎಕ್ಸ್‌ಚೇಂಜಿನ ಎದುರಿಗೇ ಇತ್ತು. ಹಳ್ಳಿಯಿಂದ ಅಡಿಕೆ ತಂದವರಿಗೆ ದಿನದ ದರ ಹೇಳುವವರು ಅವರೇ. ಒಂದು ಬೆಳಿಗ್ಗೆ ಗಾಡಿಯಲ್ಲಿ ಮೂಟೆ ತಂದ ರೈತನೊಬ್ಬನಿಗೆ, “ಈಗಷ್ಟೇ ಶಿವಮೊಗ್ಗದಿಂದ ಫೋನ್ ಬಂತು ಮಾರಾಯ. ರೇಟು ಬಿದ್ಹೋಗಿದೆ” ಎಂದರು.

ರೈತ ರಸ್ತೆಯಾಚೆ ನೋಡಿದ. “ಸಾವ್ಕಾರ್ರೇ, ಸಾಗರ ನಿನ್ನೆಯಿಂದ ಇಲ್ಲ ಅಂತ ಬೋರ್ಡಲ್ಲಿದೆ. ಶಿವಮೊಗ್ಗ ನಿಮ್ಗೆ ಯಾವ ಕಡೆಯಿಂದ ಬಂತು?”

ಚಹಾದಂಗಡಿಯ ಮುಂದೆ ನಿಂತವರು ಗೊಳ್ಳೆಂದು ನಕ್ಕರು. “ಕನಸಲ್ಲಿ ಟ್ರಂಕ್ ಕಾಲ್ ಬಂದಿರ್ಬೇಕು ಬಿಡೋ!” ಎಂದು ಯಾರೋ ಕೂಗಿದರು. ನಾನು ಮಿಷನ್ನಿನ ಮುಂದೆ ಕೂತು ನಕ್ಕಿದ್ದೆ. ರೈತ ಗಾಡಿ ತಿರುಗಿಸಿಕೊಂಡು ಹೋದ. ಸಾಹುಕಾರರ ಮುಖ ಕೆಂಪಾದದ್ದು ಇಷ್ಟು ದೂರಕ್ಕೂ ಕಾಣಿಸಿತು.

ಸ್ವಲ್ಪ ದಿನಕ್ಕೆ ತೀರ್ಥಹಳ್ಳಿಯ ಮೇಲಿನ ಆಫೀಸಿನಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಕೆಟ್ಟವರಲ್ಲ, ದನಿ ಎತ್ತರಿಸಲಿಲ್ಲ. ಎಕ್ಸ್‌ಚೇಂಜಿನ ಕಿಟಕಿಯ ಮಾತು ನನ್ನ ಕೋಣೆಗೆ ನೇರ ಕೇಳುತ್ತಿತ್ತು.

“ನೋಡಿ ಅಮ್ಮ, ಲೈನ್ ಇಲ್ಲ ಅಂತ ನಾವೇ ಬರೆದು ಕಂಬಕ್ಕೆ ಕಟ್ಕೊಂಡ್ರೆ ನಾಳೆ ಮೇಲಿನೋರು ನನ್ನ ಕೇಳ್ತಾರೆ. ಜನ ಬಂದ್ರೆ ಪ್ರಯತ್ನ ನಡೀತಾ ಇದೆ, ಕಾಯಿರಿ ಅನ್ನಿ. ಅದೇನೂ ಸುಳ್ಳಲ್ಲವಲ್ಲ?”

“ಸುಳ್ಳಲ್ಲ ಸಾರ್. ಆದ್ರೆ ಜನ ಕೂತ್ಕೊಳ್ತಾರೆ.”

“ಕೂತ್ಕೊಳ್ಳಿ. ಬೆಂಚು ಹಾಕಿರೋದೇ ಅದಕ್ಕೆ.” ಆಮೇಲೆ ಇನ್ನೂ ಮೆತ್ತಗೆ, “ನಿಮ್ಮ ತಂದೆ ಹಾಸಿಗೆ ಹಿಡಿದಿದ್ದಾರಂತೆ. ಈ ವಯಸ್ಸಿನಲ್ಲಿ ಅವರನ್ನು ಕಟ್ಟಿಕೊಂಡು ದೂರದ ಊರಿಗೆ ಹೋಗೋದು ನಿಮಗೇ ಕಷ್ಟ.”

ಬೋರ್ಡು ಒಳಗೆ ಹೋಯಿತು. ಇನ್ನು ಕೂಗಬೇಡಿ ಎಂದು ಬಸ್ಸಿನವರಿಗೂ ಹೇಳಿಯಾಯಿತು. ಬೆಂಚು ಮತ್ತೆ ತುಂಬಿತು. ಸಾಹುಕಾರರ ಗುಮಾಸ್ತನೂ ಆಗಾಗ ಬಂದು ಅದರ ಒಂದು ತುದಿಯಲ್ಲಿ ಕೂರತೊಡಗಿದ. ಅಕ್ಕ ಕಿಟಕಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು, ‘ಪ್ರಯತ್ನ ನಡೀತಾ ಇದೆ.’ ಹೇಳುವಾಗ ಮುಖ ನೋಡುತ್ತಿರಲಿಲ್ಲ.

ಆ ಬೇಸಿಗೆಯಲ್ಲೇ ನನ್ನ ಅಮ್ಮನಿಗೆ ಹೊಟ್ಟೆನೋವು ಜೋರಾಯಿತು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು. ಅಣ್ಣ ತೀರ್ಥಹಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬಂದು ಅಮ್ಮನನ್ನು ಅಲ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊರಡುವಾಗ ನಾನೂ ಚೀಲ ಹಿಡಿದು ನಿಂತಿದ್ದೆ.

“ನೀ ಇಲ್ಲೇ ಇರು,” ಎಂದ ಅಣ್ಣ. “ಡಾಕ್ಟ್ರು ಸೂಜಿ ಹಾಕಿ ನಾಳೆನೇ ಕಳಿಸಿದ್ರೂ ಕಳಿಸ್ಬಹುದು. ನಾವು ಈ ಕಡೆ ಬರೋದು, ನೀ ಆ ಕಡೆ ಬರೋದು, ದಾರೀಲಿ ತಪ್ಪಿಹೋಗ್ತದೆ. ನಾ ಬೆಳಿಗ್ಗೆ ಫೋನ್ ಮಾಡ್ತೀನಿ. ಎಕ್ಸ್‌ಚೇಂಜಲ್ಲಿ ಕೂತಿರು.”

ಕೂತೆ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ ಬೆಂಚಿನ ಮೇಲೆ ಕೂತೆ. ಯಾರದೋ ಮದುವೆಯ ರವಿಕೆಗಳಿಗೆ ಹುಕ್ಕು ಹಚ್ಚುವುದಿತ್ತು, ಅವನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಒಂದು ಹುಕ್ಕು ಹಚ್ಚುವುದು, ಕಿಟಕಿ ನೋಡುವುದು. ಒಳಗೆ ಗಂಟೆಯ ಸದ್ದಾದರೆ ಎದ್ದು ನಿಲ್ಲುವುದು, ಬೇರೆಯವರ ಹೆಸರು ಬಂದರೆ ಕೂರುವುದು. ಬೆಂಚಿನ ಮರದ ಗಂಟು ಎಲ್ಲಿ ಚುಚ್ಚುತ್ತದೆಂದು ಇವತ್ತಿಗೂ ನನಗೆ ಗೊತ್ತು. ಮನೆ ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ನೀರು ಕುಡಿಯಲು ಹೋಗಲಿಲ್ಲ. ಆ ಮುದುಕರು ಕಾಲು ಬಿಗಿದು ಕೂತಿದ್ದರೆಂದು ಅಕ್ಕ ಹೇಳಿದ್ದಾಗ ಅಯ್ಯೋ ಎಂದಿದ್ದವಳು ನಾನು.

“ತೀರ್ಥಹಳ್ಳಿ ಎಂತ ಆಯ್ತು ಅಕ್ಕಾ? ಲೈನ್ ಇಲ್ವಾ?”

ಅಕ್ಕ ನನ್ನ ಹಿಂದೆ ಕೂತಿದ್ದ ಗುಮಾಸ್ತನ ಕಡೆ ನೋಡಿದರು. “ಪ್ರಯತ್ನ ನಡೀತಾ ಇದೆ ತಂಗಿ.”

“ಅಮ್ಮನ ಸುದ್ದಿ ಬರೋದಿತ್ತು.”

“ಹೂಂ,” ಎಂದರು. ಬಲಗಿವಿಯ ಮೇಲಿನ ಹೆಡ್‌ಸೆಟ್ಟನ್ನು ಸುಮ್ಮನೆ ಸರಿಮಾಡಿಕೊಂಡರು.

ಲೈನ್ ಇರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಎಂದಿನಂತೆ ಎಲ್ಲೋ ಕೊಂಬೆ ತಾಗಿರಬೇಕು, ಲೈನ್‌ಮನ್ ಹೋಗಿದ್ದಾನೆ, ಮಧ್ಯಾಹ್ನದೊಳಗೆ ಬಂದೀತು ಎಂದುಕೊಂಡಿದ್ದರಂತೆ. ಅಂದರೆ ಗೊತ್ತಿಲ್ಲದ್ದನ್ನು ಬೋರ್ಡಿನಲ್ಲಿ ಬರೆಯದ ಅಕ್ಕ, ಅವತ್ತು ಅದನ್ನು ತಮಗೆ ತಾವೇ ಹೇಳಿಕೊಂಡಿದ್ದರು. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ತೀರ್ಥಹಳ್ಳಿಗೆ ಹೋಗುವ ಕೊನೆಯ ಬಸ್ಸು ನನ್ನ ಮುಂದೆಯೇ ಹೋಯಿತು. ಅಷ್ಟರಲ್ಲಿ ಫೋನ್ ಬಂದುಬಿಟ್ಟರೆ ಎಂದು ನಾನು ಹತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಮತ್ತೆ ಅದೇ ಬೆಂಚು. ಹುಕ್ಕು ಮುಗಿದಿರಲಿಲ್ಲ, ಸೂಜಿ ಹಿಡಿಯಲು ಕೈ ಬರಲಿಲ್ಲ. ತೀರ್ಥಹಳ್ಳಿಯಿಂದ ಬಂದ ಬಸ್ಸು ನಿಂತಿತು. ಕಂಡಕ್ಟರು ಕೂಗಲಿಲ್ಲ. ಇಳಿದು ಕಿಟಕಿಗೆ ಹೋಗಿ, ಅಕ್ಕನ ಎಡಗಿವಿಯ ಹತ್ತಿರ ಏನೋ ಹೇಳಿ, ಚಹಾ ಕುಡಿಯಲು ಹೋದ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಕ್ಸ್‌ಚೇಂಜಿನ ಬಾಗಿಲು ತೆರೆಯಿತು. ಕೆಲಸದ ಹೊತ್ತಿನಲ್ಲಿ ಅಕ್ಕ ಆ ಬಾಗಿಲು ದಾಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ತಲೆಯ ಮೇಲೆ ಹೆಡ್‌ಸೆಟ್ಟಿರಲಿಲ್ಲ. ಕೂದಲು ಅದರ ಪಟ್ಟಿಯ ಗುರುತಿನಲ್ಲಿ ಎರಡು ಭಾಗವಾಗಿ ನಿಂತಿತ್ತು. ಕಂಕುಳಲ್ಲಿ ಬೋರ್ಡು. ಅದನ್ನು ಕಂಬಕ್ಕೆ ತೂಗುಹಾಕಿ, ನಿಂತಲ್ಲೇ ಬರೆದರು.

ತೀರ್ಥಹಳ್ಳಿ: ಇಲ್ಲ. ಕಳ್ಳರು ತಂತಿ ಕತ್ತರಿಸಿದ್ದಾರೆ. ಬೆಳಗಿನ ಬಸ್ಸಿನವರು ಕಂಡದ್ದು. ಕಾಯಬೇಡಿ.

ತಾಮ್ರಕ್ಕಾಗಿ ಕಾಡಿನ ದಾರಿಯಲ್ಲಿ ಉದ್ದಕ್ಕೂ ತಂತಿ ಕದ್ದಿದ್ದರು. ಕಂಬಗಳು ಬೋಳಾಗಿ ನಿಂತಿದ್ದವಂತೆ.

ಗುಮಾಸ್ತ ಎದ್ದ. “ಅಕ್ಕಾ, ಸಾಹೇಬ್ರು ಬೋರ್ಡು ಹಾಕ್ಬಾರ್ದು ಅಂದಿದ್ರಲ್ಲ...”

“ಹೌದನಾ? ಹೋಗಿ ಹೇಳು. ಫೋನ್ ಮಾಡಕ್ಕಾಗಲ್ಲ, ನಡ್ಕೊಂಡೇ ಹೋಗು.” ನನ್ನ ಕಡೆ ತಿರುಗಿದರು. “ನೀ ಎಂತ ನೋಡ್ತಾ ಕೂತಿದೀಯ? ಓದಕ್ಕೆ ಬರಲ್ವಾ? ಬಸ್ಸು ತಿರುಗಿಸ್ತಿದಾನೆ. ಹೋಗು.”

“ಅವ್ರು ಈ ಕಡೆ ಹೊರಟಿದ್ರೆ ಅಕ್ಕಾ...”

“ಹೊರಟಿದ್ರೆ ನಾ ಇಲ್ಲಿದೀನಲ್ಲ, ಬಾಗ್ಲು ತೆಗೀತೀನಿ. ಹೋಗೇ!”

ಹೋದೆ. ರವಿಕೆಗಳು ಬೆಂಚಿನ ಮೇಲೆಯೇ ಉಳಿದವು. ದಾರಿಯುದ್ದಕ್ಕೂ ಕಿಟಕಿಯಲ್ಲಿ ಕಂಬಗಳನ್ನು ನೋಡಿದೆ. ಒಂದು ಕಡೆಯಿಂದ ಶುರುವಾಗಿ ಮತ್ತೊಂದು ಕಡೆಯವರೆಗೆ ಅವುಗಳ ನಡುವೆ ಏನೂ ಇರಲಿಲ್ಲ, ಬರೀ ಬಿಸಿಲು. ಹಿಂದಿನ ದಿನವೆಲ್ಲ ನಾನು ಕಿವಿಗೊಟ್ಟು ಕೂತದ್ದು ಇದಕ್ಕೆ.

ತೀರ್ಥಹಳ್ಳಿಯಲ್ಲಿ ಇಳಿದು ಬಜಾರಿನ ದಾರಿಯಲ್ಲಿ ಓಡುತ್ತಿದ್ದಾಗ ಅಲ್ಲಿಯ ಫೋನಾಫೀಸಿನ ಜಗಲಿಯ ಮೇಲೆ ಅಣ್ಣ ಕಂಡ. ಗೋಡೆಗೆ ಒರಗಿ ಕೂತಿದ್ದ. ಎರಡು ದಿನದ ಗಡ್ಡ. ನನ್ನನ್ನು ನೋಡಿ ಎದ್ದು ನಿಂತ.

“ಅಮ್ಮ ಎಲ್ಲೋ?”

“ವಾರ್ಡಲ್ಲಿ. ನಿಂಗೆ ಕಾಲ್ ಬುಕ್ ಮಾಡಿ ನಿನ್ನೆಯಿಂದ ಕೂತಿದೀನಿ. ಈಗ ಸಿಗ್ತದೆ ಅಂದ್ರು. ಬರೀ ಉಣ್ಸಕ್ಕೆ ಅಂತ ಹೋಗಿ ಬಂದೆ.”

ಕತ್ತರಿಸಿದ ತಂತಿಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ನಡುವೆ ಅಮ್ಮ ಒಬ್ಬಳೇ ಮಲಗಿದ್ದಳು. ಪಕ್ಕದ ಹಾಸಿಗೆಯವರ ಕಡೆಯ ಹೆಂಗಸೊಬ್ಬಳು ನೀರು ಕುಡಿಸುತ್ತಿದ್ದಳು. ಅಮ್ಮನ ಮುಖ ಸೊರಗಿ ಇಷ್ಟೇ ಆಗಿತ್ತು. ನನ್ನ ಕೈ ಹಿಡಿದು ಕೇಳಿದಳು, “ಎಲ್ಲಿ ಹೋಗಿದ್ರಿ ಇಬ್ರೂ?”

“ಫೋನಿನ ಹತ್ರ ಕೂತಿದ್ವಿ ಅಮ್ಮ.”

“ಫೋನಿನ ಹತ್ರ ಎಂತ ಇತ್ತು? ನಾ ಇಲ್ಲಿದ್ದೆ.”

ಕೋಪದಲ್ಲಿ ಹೇಳಿದ್ದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಆಮೇಲೆ ಆ ಸಂಜೆಯೆಲ್ಲ ಅಮ್ಮ ಮಾತಾಡಿದಳು. ಗಂಜಿ ಕುಡಿದಳು. ನನ್ನ ತಲೆ ಬಿಚ್ಚಿಸಿ, ಮಲಗಿದಲ್ಲಿಂದಲೇ ಬೆರಳಿನಲ್ಲಿ ಸಿಕ್ಕು ಬಿಡಿಸಿ, ಜಡೆ ಹೆಣೆಯಲು ನೋಡಿದಳು. ಅರ್ಧಕ್ಕೆ ಕೈ ಸೋತಿತು. ಉಳಿದರ್ಧ ನಾನು ಹೆಣೆದುಕೊಂಡೆ. ಮಾರನೆಯ ಮಧ್ಯಾಹ್ನ ತೀರಿಕೊಂಡಳು.

ತಂತಿ ಮತ್ತೆ ಎಳೆದು ತೀರ್ಥಹಳ್ಳಿ ಸಿಗುವ ಹೊತ್ತಿಗೆ ಅಮ್ಮನ ಕರ್ಮಾಂತರಗಳೆಲ್ಲ ಮುಗಿದಿದ್ದವು. ಬೋರ್ಡು ಬರದೇ ಇದ್ದಿದ್ದರೆ ನಾನು ಅಷ್ಟು ದಿನವೂ ಕೂತಿರುತ್ತಿದ್ದೆನೇನೋ ಎಂಬ ಯೋಚನೆ ಈಗಲೂ ಕೆಲವು ಸಲ ಬರುತ್ತದೆ.

ಊರಿಗೆ ಮರಳಿದ ದಿನ ಅಕ್ಕ ಮನೆಗೆ ಬಂದರು. ಬೆಂಚಿನ ಮೇಲೆ ಬಿಟ್ಟುಹೋಗಿದ್ದ ರವಿಕೆಗಳನ್ನು ತಂದಿದ್ದರು. ಹುಕ್ಕುಗಳನ್ನು ಹಚ್ಚಿ ಮುಗಿಸಿದ್ದರು, ಒರಟೊರಟಾಗಿ. ಎದುರಿಗೆ ಕೂತರು.

“ಮೊದಲ್ನೇ ದಿನಾನೇ ಹಾಕ್ಬೇಕಿತ್ತು,” ಎಂದರು.

ಅಮ್ಮ ಅರ್ಧ ಹೆಣೆದ ಜಡೆಯ ವಿಷಯ ಹೇಳಿದೆ. ಅವರು ಎಡಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಪೂರ್ತಿ ಕೇಳಿದರು.

ಸಾಹೇಬರು ಮತ್ತೆ ಬಂದರು.

“ನಾನು ಹೇಳಿದ್ದೇನು, ನೀವು ಮಾಡಿದ್ದೇನು?”

“ತೆಗೀರಿ ಅಂದ್ರಿ, ತೆಗೆದೆ ಸಾರ್. ಆಮೇಲೆ ಹಾಕಿದೆ.”

“ಯಾಕೆ?”

“ಲೈನ್ ಇರ್ಲಿಲ್ಲ ಸಾರ್.”

ಅಕ್ಕನಿಗೆ ಸಾಗರಕ್ಕೆ ವರ್ಗವಾಯಿತು. ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಎತ್ತಿ ಬಸ್ಸಿಗೆ ಹತ್ತಿಸಿದರು. ಹಿಂದಿನ ಉದ್ದ ಸೀಟನ್ನು ಕಂಡಕ್ಟರು ಖಾಲಿ ಮಾಡಿಸಿದ್ದ. “ಅಕ್ಕಾ, ಇನ್ಮೇಲೆ ಕಂಬ ನೋಡಿ ನಾ ಯಾರಿಗೆ ಹೇಳ್ಲಿ?” ಎಂದು ಅವನು ಕೇಳಿದಾಗ ಅವರು ಕಿಟಕಿಯ ಹೊರಗೆ ನೋಡಿದರು. ಆಫೀಸಿನವರು ಒಲೆಗೆ ಹಾಕಲು ಹೊರಟಿದ್ದ ಬೋರ್ಡನ್ನು ಲೈನ್‌ಮನ್ ನನ್ನ ಮನೆಗೆ ತಂದುಕೊಟ್ಟ. ಅಗಲವಾಗಿ ಸಪಾಟಾಗಿದ್ದುದರಿಂದ ನಾನು ಅದರ ಮೇಲೆ ಬಟ್ಟೆ ಹರಡಿ ಕತ್ತರಿಸತೊಡಗಿದೆ.

ಸಾಗರದಲ್ಲಿ ಅವರನ್ನು ನೋಡಲು ಹೋಗಿದ್ದೆ. ಮಹಡಿಯ ಮೇಲೆ ಸಾಲಾಗಿ ಆಪರೇಟರುಗಳು, ಎದುರಿಗೆ ಬರೀ ತೂತುಗಳ ಹಲಗೆ. ಒಂದೇ ಒಂದು ಕಿಟಕಿ, ಅದರಾಚೆ ಪಕ್ಕದ ಕಟ್ಟಡದ ಗೋಡೆ. ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಹೇಳಿದರು, “ಇಲ್ಲಿ ಬೆಂಚೇ ಕಾಣ್ಸಲ್ಲ ಕಣೆ. ಯಾರು ಕೂತಿದಾರೆ, ಎಷ್ಟು ಹೊತ್ತಿಂದ ಕೂತಿದಾರೆ, ಎಂತದೂ ಗೊತ್ತಾಗಲ್ಲ. ಬರೀ ದನಿ.” ಬಾವಿಗೆ ಬಿದ್ದವರ ದನಿ ಕೇಳಿದ ಹಾಗಾಗುತ್ತದೆ ಎಂದರು. ಮತ್ತೆ ಮೇಲೆ ಹತ್ತಿ ಹೋದರು. ತಂದೆ ಅಲ್ಲಿಯೇ ತೀರಿಕೊಂಡರು.

ಎಂಬತ್ತರ ದಶಕ ಅರ್ಧ ಕಳೆದಾಗ ಎದೆಯ ಕಾಯಿಲೆಯಿಂದ ಅಕ್ಕ ಕೆಲಸ ಬಿಟ್ಟು ಹೊಸನಗರಕ್ಕೆ ವಾಪಸಾದರು. ಅವರಿಗೂ ಯಾರೂ ಇರಲಿಲ್ಲ, ನನಗೂ ಮನೆ ದೊಡ್ಡದಾಗಿತ್ತು. ಅಮ್ಮನ ಕೋಣೆಯಲ್ಲಿ ಇದ್ದರು. ಬಲಗಿವಿ ಆಗಲೇ ಪೂರ್ತಿ ಹೋಗಿತ್ತು. ಸಿಡಿಲಿನ ದಿನಗಳಲ್ಲಿ ತಂತಿಯಲ್ಲಿ ಹೊಡೆಯುತ್ತಿದ್ದ ಸದ್ದು ಅದನ್ನು ತಿಂದುಹಾಕಿತ್ತು. “ಸರ್ಕಾರದ್ದು ಸರ್ಕಾರಕ್ಕೇ ಹೋಯ್ತು ಬಿಡು” ಎಂದರು.

ಕೊನೆಯ ತಿಂಗಳುಗಳಲ್ಲಿ ಹಾಸಿಗೆಯಿಂದ ಬಾಗಿಲವರೆಗೂ ನಡೆಯಲಾಗುತ್ತಿರಲಿಲ್ಲ. ಉಸಿರು ಬಿಗಿದಾಗ ಕಣ್ಣು ಕಿಟಕಿಯ ಸರಳುಗಳನ್ನು ಹಿಡಿದುಕೊಂಡಂತೆ ನೋಡುತ್ತಿತ್ತು. ವಿಷಯ ತಿಳಿದು ಜನ ಬರತೊಡಗಿದರು. ಹಳ್ಳಿಯಿಂದ, ಬಜಾರಿನಿಂದ, ಬಸ್ಸಿನವರು, ಆ ಗುಮಾಸ್ತನೂ ಒಂದು ದಿನ. ಅಕ್ಕನಿಗೆ ಮಾತಾಡಲು ಆಗುತ್ತಿರಲಿಲ್ಲ, ಬಂದವರನ್ನು ಒಳಗೆ ಬಿಡುವ ಹಾಗಿರಲಿಲ್ಲ. “ಈಗ ಮಲಗಿದ್ದಾರೆ, ಸ್ವಲ್ಪ ಕೂತಿರಿ” ಎನ್ನುತ್ತಿದ್ದೆ. ಅವರು ನನ್ನ ಜಗಲಿಯಲ್ಲಿ ಕೂರುತ್ತಿದ್ದರು. ಹೋಗಲೂ ಮನಸ್ಸಿಲ್ಲ, ಇರಲೂ ಹೊತ್ತಿಲ್ಲ.

ಒಂದು ಮಧ್ಯಾಹ್ನ ಅಕ್ಕ ಕಣ್ಣು ತೆರೆದು ಎಡಗಿವಿಯನ್ನು ಜಗಲಿಯ ಕಡೆ ತಿರುಗಿಸಿದರು. ಹೊರಗೆ ಯಾರೋ ಕೆಮ್ಮಿದರು.

“ಯಾರು ಕೂತಿರೋದು?”

“ನಿಮ್ಮನ್ನ ನೋಡಕ್ಕೆ ಬಂದೋರು ಅಕ್ಕಾ.”

“ಎಷ್ಟೊತ್ತಾಯ್ತು?”

ನಾನು ಅವರ ಹೊದಿಕೆ ಸರಿಮಾಡಿದೆ.

“ಜನರನ್ನ ಹಾಗೆ ಕೂರಿಸ್ತಾರನೇ?” ಉಸಿರು ಎಳೆದುಕೊಂಡು, ಮತ್ತೆ, “ಬೋರ್ಡು ಇದೆಯಲ್ಲ, ಹಾಕು.”

ಕತ್ತರಿಸುತ್ತಿದ್ದ ಬಟ್ಟೆಯನ್ನು ತೆಗೆದಿಟ್ಟು, ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಜಗಲಿಯ ಕಂಬಕ್ಕೆ ಕಟ್ಟಿದೆ. ಅದೇ ನೀಲಿ ಸೀಮೆಸುಣ್ಣ. ಅವತ್ತಿನಿಂದ ದಿನಾ ಬರೆದೆ. ‘ಬೆಳಿಗ್ಗೆ ಗಂಜಿ ಕುಡಿದರು. ಮಾತಾಡಿಲ್ಲ.’ ‘ಕಣ್ಣು ಬಿಟ್ಟಿದ್ದಾರೆ. ಗುರುತು ಹಿಡಿಯುತ್ತಾರೆ.’ ‘ಇವತ್ತು ಕಷ್ಟ. ಕಾಯಬೇಡಿ.’ ಜನ ಬಂದು ಓದಿ, ಒಂದು ಕ್ಷಣ ನಿಂತು, ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಬಸ್ಸು ನಮ್ಮ ಮನೆಯ ಮುಂದೆ ನಿಧಾನವಾಗುತ್ತಿತ್ತು. ಕಂಡಕ್ಟರು ಬಾಗಿಲಿನಿಂದ ಓದಿಕೊಂಡು ಹೋಗಿ ದಾರಿಯ ಊರುಗಳಿಗೆಲ್ಲ ಹೇಳುತ್ತಿದ್ದ. ನಾಳೆ ಹೇಗಿರುತ್ತಾರೆಂದು ಒಂದು ದಿನವೂ ನಾನು ಬರೆಯಲಿಲ್ಲ. ಬರೆಯಬೇಕೆನಿಸಿದ ದಿನಗಳಿದ್ದವು.

ಅವರು ಹೋದದ್ದು ಬೆಳಗಿನ ಹೊತ್ತು. ಅಲ್ಲಿಯವರೆಗೆ ಹಿಡಿದಿದ್ದ ಉಸಿರು ಬಿಟ್ಟಂತೆ, ಅಷ್ಟೇ. ಮೀಯಿಸಿ ಸೀರೆ ಉಡಿಸುವಾಗ ನೆರೆಯ ಹೆಂಗಸರು, ಒಂದೇ ಓಲೆಯಲ್ಲಿ ಕಳಿಸುವುದು ಬೇಡ ಎಂದು ಪೆಟ್ಟಿಗೆ ಹುಡುಕಿ ಇನ್ನೊಂದನ್ನು ತಂದರು. ಹತ್ತಿಯಲ್ಲಿ ಸುತ್ತಿಟ್ಟಿದ್ದರು, ಹೊಸದರಂತೆಯೇ ಇತ್ತು. ಹಾಕಲು ನೋಡಿದರೆ ಬಲಗಿವಿಯ ತೂತು ಎಂದೋ ಮುಚ್ಚಿಹೋಗಿತ್ತು. ಒಂದನ್ನೇ ಬಿಟ್ಟೆವು.

ನಾನು ಹೊರಗೆ ಬಂದು ಬೋರ್ಡು ಒರೆಸಿದೆ. ಅವರು ಬರೆಯುತ್ತಿದ್ದ ಹಾಗೆಯೇ ಬರೆಯಬೇಕಿತ್ತು, ಬೇರೆ ಮಾತು ಸೇರಿಸಿದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಸೀಮೆಸುಣ್ಣ ಮುರಿಯಿತು, ಉಳಿದ ತುಂಡಿನಲ್ಲಿ ಬರೆದೆ.

ಅಕ್ಕ: ಇಲ್ಲ. ಕಾಯಬೇಡಿ.

ತೀರ್ಥಹಳ್ಳಿಯ ಬಸ್ಸು ಬಂದು ನಿಧಾನವಾಯಿತು, ಆಮೇಲೆ ನಿಂತಿತು. ಕಂಡಕ್ಟರು ಇಳಿದು, ಟಿಕೆಟ್ ಚೀಲವನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ಹಿಂದೆ ಒಬ್ಬೊಬ್ಬರೇ ಇಳಿದರು. ಚಹಾದಂಗಡಿಯವರು ಬಂದರು, ಮಂಡಿಯ ಕಡೆಯಿಂದಲೂ ಬಂದರು. ಆ ಬೋರ್ಡು ಓದಿದವರು ಎದ್ದು ತಮ್ಮ ದಾರಿ ಹಿಡಿಯುವುದನ್ನೇ ನಾನು ಅಷ್ಟು ವರ್ಷ ನೋಡಿದ್ದು. ಅವತ್ತು ಎಲ್ಲರೂ ಓದಿದರು. ಯಾರೂ ಹೋಗಲಿಲ್ಲ.